ಕಾರಿನ ಟೆಂಪರೇಚರ್ ಮುಳ್ಳು ನಿಜ ಹೇಳುತ್ತಿದೆಯೇ? ನೀವೇ ಪರೀಕ್ಷಿಸುವ ಬಗೆ

ಬೇಸಿಗೆ ಶುರುವಾಯಿತೆಂದರೆ ಓದುಗರಿಂದ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ‘ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಒಂದು ಗೆರೆ ಮೇಲೆ ನಿಂತಿದೆ, ಶಿರಾಡಿ ಘಾಟಿ ಹತ್ತಬಹುದೇ?’ ಎಂಬುದು ಮೊದಲನೆಯದು. ‘ಎಷ್ಟು ಓಡಿಸಿದರೂ ಮುಳ್ಳು ಕಾಲುಭಾಗ ದಾಟುವುದಿಲ್ಲ, ಎಂಜಿನ್ ತಂಪಾಗಿದೆ ಎಂದು ಖುಷಿಪಡಬಹುದೇ?’ ಎಂಬುದು ಎರಡನೆಯದು. ಎರಡಕ್ಕೂ ನನ್ನ ಮರುಪ್ರಶ್ನೆ ಒಂದೇ: ಆ ಗೆರೆ ಎಂದರೆ ಎಷ್ಟು ಡಿಗ್ರಿ? ಕೇಳಿದವರಿಗೆ ಉತ್ತರ ಗೊತ್ತಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಹೆಚ್ಚಿನ ಕಾರುಗಳ ಮೀಟರಿನಲ್ಲಿ ಒಂದು ತುದಿಗೆ ‘ಸಿ’, ಇನ್ನೊಂದು ತುದಿಗೆ ‘ಎಚ್’ ಎಂದು ಬರೆದು, ನಡುವೆ ನಾಲ್ಕು ಗೆರೆ ಎಳೆದು ತಯಾರಕರು ಕೈತೊಳೆದುಕೊಂಡಿದ್ದಾರೆ.

ಆ ಗೆರೆಗಳ ಪಕ್ಕದಲ್ಲಿ ಡಿಗ್ರಿ ಬರೆದುಕೊಳ್ಳುವುದು ಹೇಗೆ, ಬರೆದುಕೊಂಡ ಮೇಲೆ ಮುಳ್ಳನ್ನು ಎಷ್ಟು ನಂಬಬಹುದು ಎಂಬುದನ್ನು ಇಲ್ಲಿ ಹೇಳುತ್ತೇನೆ. ಒಂದು ಭಾನುವಾರದ ಬೆಳಗ್ಗೆ ಸಾಕು. ಮೆಕ್ಯಾನಿಕ್ ಆಗಿರಬೇಕಿಲ್ಲ, ಬಾನೆಟ್ ತೆರೆಯಲು ಬಂದರೆ ಆಯಿತು.

ಮುಳ್ಳಿಗೆ ಸುದ್ದಿ ಮುಟ್ಟುವ ದಾರಿ

ಎಂಜಿನ್ನಿನ ಸುತ್ತ ಹರಿಯುವ ಕೂಲಂಟ್‌ನಲ್ಲಿ, ಅಂದರೆ ಬಣ್ಣದ ತಂಪುದ್ರವದಲ್ಲಿ, ಒಂದು ಸಣ್ಣ ಸೆನ್ಸರ್ ಮುಳುಗಿರುತ್ತದೆ. ಅದರ ಒಳಗಿರುವುದು ಥರ್ಮಿಸ್ಟರ್: ಬಿಸಿಯಾದಷ್ಟೂ ವಿದ್ಯುತ್ತಿಗೆ ಒಡ್ಡುವ ತಡೆ, ಅಂದರೆ ರೆಸಿಸ್ಟೆನ್ಸ್, ಕಡಿಮೆಯಾಗುವ ಒಂದು ಬಿಲ್ಲೆ. ಈ ತಡೆಯನ್ನು ಅಳೆದು ಎಂಜಿನ್ನಿನ ಕಂಪ್ಯೂಟರು ಡಿಗ್ರಿಗೆ ಪರಿವರ್ತಿಸಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಇಸಿಯು, ಇಸಿಎಂ ಎನ್ನುವುದು ಈ ಕಂಪ್ಯೂಟರನ್ನೇ. ಅದು ಹೇಳಿದ ಜಾಗಕ್ಕೆ ಮುಳ್ಳು ಹೋಗಿ ನಿಲ್ಲುತ್ತದೆ.

ಇಲ್ಲೊಂದು ಗುಟ್ಟಿದೆ. ಇತ್ತೀಚಿನ ಬಹುಪಾಲು ಕಾರುಗಳಲ್ಲಿ ಮುಳ್ಳನ್ನು ಬೇಕೆಂದೇ ಮಂದ ಮಾಡಿರುತ್ತಾರೆ. ಕೂಲಂಟ್ 80 ಡಿಗ್ರಿ ಇರಲಿ, 100 ಇರಲಿ, ಮುಳ್ಳು ಸರಿಯಾಗಿ ನಡುವಿನಲ್ಲೇ ಕದಲದೆ ಕುಳಿತಿರುತ್ತದೆ. ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಾಲ್ಕು ಡಿಗ್ರಿ ಏರಿದ್ದಕ್ಕೆ ಗಾಬರಿಗೊಂಡು ಸರ್ವಿಸ್ ಸೆಂಟರಿಗೆ ಓಡಿಬರುವ ಗ್ರಾಹಕರನ್ನು ತಡೆಯುವುದು ಇದರ ಉದ್ದೇಶ. ಆದರೆ ಆ ನಡುವಿನ ಗಡಿ ಮೀರಿದ ಮೇಲೆ ಮುಳ್ಳು ಒಮ್ಮೆಲೇ ‘ಎಚ್’ ಕಡೆಗೆ ಹಾರುತ್ತದೆ. ನೋಡುವವರಿಗೆ ಎಂಜಿನ್ ದಿಢೀರನೆ ಕಾದಂತೆ ಕಾಣುತ್ತದೆ. ನಿಜದಲ್ಲಿ ಅದು ಹತ್ತು ನಿಮಿಷದಿಂದ ಕಾಯುತ್ತಲೇ ಇತ್ತು, ಮುಳ್ಳು ಬಾಯಿ ಬಿಟ್ಟಿರಲಿಲ್ಲ.

ಹಾಗಾಗಿ ಪರೀಕ್ಷೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಸೆನ್ಸರ್ ಸರಿಯಾದ ಡಿಗ್ರಿಯನ್ನು ಹೇಳುತ್ತಿದೆಯೇ ಎಂಬುದು ಒಂದು. ಆ ಡಿಗ್ರಿಯನ್ನು ಮುಳ್ಳು ಹೇಗೆ ತೋರಿಸುತ್ತದೆ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಎಂದುಕೊಂಡು ಸೆನ್ಸರ್ ಬದಲಾಯಿಸಿ ದುಡ್ಡು ಕಳೆದುಕೊಂಡವರು ಬಹಳ ಮಂದಿ.

ಏನೇನು ಬೇಕು?

ಮೊದಲನೆಯದು, ಬ್ಲೂಟೂತ್ ಒಬಿಡಿ ಅಡಾಪ್ಟರ್. ಬೆಂಕಿಪೊಟ್ಟಣದಷ್ಟಿರುವ ಈ ಸಾಧನವನ್ನು ಕಾರಿನ ಡಯಾಗ್ನಾಸ್ಟಿಕ್ ಸಾಕೆಟ್ಟಿಗೆ ಚುಚ್ಚಿದರೆ ಕಂಪ್ಯೂಟರು ಓದುತ್ತಿರುವ ಡಿಗ್ರಿ ಮೊಬೈಲಿನಲ್ಲಿ ಕಾಣುತ್ತದೆ. 16 ಪಿನ್ನಿನ ಆ ಸಾಕೆಟ್ ಸಾಮಾನ್ಯವಾಗಿ ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ ಇರುತ್ತದೆ. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್‌-4 ಕಾರುಗಳಿಗೆ ಒಬಿಡಿ-2, ಅಂದರೆ ಕಾರು ತನ್ನ ದೋಷಗಳನ್ನು ತಾನೇ ಗುರುತಿಸಿ ಹೇಳುವ ವ್ಯವಸ್ಥೆ, ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಕಾರುಗಳಲ್ಲಿ ಸಾಕೆಟ್ ಇದ್ದರೂ ಎಲ್ಲ ಅಡಾಪ್ಟರುಗಳೂ ಮಾತನಾಡುತ್ತವೆ ಎಂಬ ಖಾತರಿ ಇಲ್ಲ.

ಎರಡನೆಯದು, ಇನ್‌ಫ್ರಾರೆಡ್ ಥರ್ಮಾಮೀಟರ್, ಅಂಗಡಿಯವರ ಮಾತಿನಲ್ಲಿ ‘ಟೆಂಪರೇಚರ್ ಗನ್’. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಮನೆಯಲ್ಲಿದೆಯಲ್ಲ, ಅದಾಗುತ್ತದೆಯೇ ಎಂದು ಕೇಳಬೇಡಿ. ಅದು ಮೈಕಾವು ಅಳೆಯಲು ಮಾಡಿದ್ದು, 40 ಡಿಗ್ರಿಯ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಕಾರ್ಖಾನೆ ಬಳಕೆಯ ಗನ್ ಬೇಕು, ಕನಿಷ್ಠ 200 ಡಿಗ್ರಿವರೆಗೆ ಅಳೆಯುವಂಥದ್ದು. ಜೊತೆಗೆ ಕಪ್ಪು ಇನ್ಸುಲೇಷನ್ ಟೇಪ್.

ಸೆನ್ಸರನ್ನೇ ಕಳಚಿ ಪರೀಕ್ಷಿಸುವ ಮನಸ್ಸಿದ್ದರೆ ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಇಲ್ಲವೇ ಪ್ರಯೋಗಾಲಯದ 110 ಡಿಗ್ರಿಯ ಗಾಜಿನ ಥರ್ಮಾಮೀಟರ್, ಮತ್ತು ಇನ್ನು ಅಡುಗೆಗೆ ಬೇಡ ಎಂದು ಪಕ್ಕಕ್ಕಿಟ್ಟ ಒಂದು ಪಾತ್ರೆ. ಬೆಂಗಳೂರಿನವರಿಗೆ ಮಲ್ಟಿಮೀಟರ್ ಎಸ್‌.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಉಳಿದ ಊರುಗಳಲ್ಲಿ ಯಾವುದೇ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿ ನೋಡಿ. ಇನ್ನು ಒಂದು ನೋಟ್‌ಬುಕ್ಕು, ಪೆನ್ನು.

ಕೈ ಹಾಕುವ ಮುನ್ನ

ಬಿಸಿ ಎಂಜಿನ್ನಿನಲ್ಲಿ ರೇಡಿಯೇಟರ್ ಮುಚ್ಚಳವನ್ನಾಗಲಿ, ಒತ್ತಡವಿರುವ ಕೂಲಂಟ್ ಟ್ಯಾಂಕಿನ ಮುಚ್ಚಳವನ್ನಾಗಲಿ ತೆರೆಯಬೇಡಿ. ಬಟ್ಟೆ ಹಿಡಿದು ನಿಧಾನವಾಗಿ ತೆರೆದರೆ ಪರವಾಗಿಲ್ಲ ಎಂಬ ಮಾತನ್ನು ನಂಬಿ ಮುಖ, ಕೈ ಸುಟ್ಟುಕೊಂಡವರಿದ್ದಾರೆ. ಒಳಗಿನ ದ್ರವ 100 ಡಿಗ್ರಿ ಮೀರಿದ್ದರೂ ಒತ್ತಡದಿಂದಾಗಿ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಇಳಿದು ಎಲ್ಲವೂ ಒಟ್ಟಿಗೆ ಕುದಿದು ಚಿಮ್ಮುತ್ತದೆ.

ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು. ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ತಿರುಗುತ್ತದೆ. ಶಾಲು, ದುಪಟ್ಟಾ, ಸಡಿಲ ತೋಳು, ಬೆರಳು ಯಾವುದೂ ಅದರ ಹತ್ತಿರ ಸುಳಿಯಬಾರದು.

ಪರೀಕ್ಷೆಯನ್ನು ಬಯಲಿನಲ್ಲಿ ಮಾಡಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿಕೊಂಡು ನಿಲ್ಲುವುದು ಅಪಾಯಕಾರಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆ ಕೊಡುವುದಿಲ್ಲ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

ಕೂಲಂಟ್ ವಿಷ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ; ನಾಯಿ, ಬೆಕ್ಕುಗಳು ಅದನ್ನು ನೆಕ್ಕುವುದುಂಟು. ನೆಲಕ್ಕೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಮಕ್ಕಳನ್ನು ದೂರವಿಡಿ.

ಹಂತ 1: ರಾತ್ರಿಯಿಡೀ ತಣಿದ ಕಾರು

ಎಲ್ಲಕ್ಕಿಂತ ಸುಲಭವಾದ, ಖರ್ಚೇ ಇಲ್ಲದ ಪರೀಕ್ಷೆ ಇದು. ಆದರೂ ಇದನ್ನು ಮಾಡುವವರು ಕಡಿಮೆ. ರಾತ್ರಿ ನೆರಳಿನಲ್ಲಿ ನಿಲ್ಲಿಸಿದ ಕಾರು ಬೆಳಗಿನ ಹೊತ್ತಿಗೆ ಸುತ್ತಲಿನ ಗಾಳಿಯಷ್ಟೇ ತಣ್ಣಗಾಗಿರುತ್ತದೆ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ‘ಆನ್‌’ ಸ್ಥಾನಕ್ಕೆ ಮಾತ್ರ ತಿರುಗಿಸಿ, ಒಬಿಡಿ ಆ್ಯಪ್‌ನಲ್ಲಿ ಎರಡು ಅಂಕಿಗಳನ್ನು ನೋಡಿ: ಕೂಲಂಟ್ ಉಷ್ಣತೆ ಮತ್ತು ಎಂಜಿನ್ ಎಳೆದುಕೊಳ್ಳುವ ಗಾಳಿಯ ಉಷ್ಣತೆ. ಇವು ಎರಡು ಬೇರೆ ಸೆನ್ಸರ್‌ಗಳು ಹೇಳುವ ಅಂಕಿಗಳು. ಬೆಳಗ್ಗೆ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು, ಮನೆಯ ಥರ್ಮಾಮೀಟರಿಗೂ ಹೊಂದಬೇಕು. ಎರಡು ಮೂರು ಡಿಗ್ರಿ ವ್ಯತ್ಯಾಸ ಲೆಕ್ಕಕ್ಕಿಲ್ಲ. ಹೊರಗೆ 22 ಡಿಗ್ರಿ ಇದ್ದು ಕೂಲಂಟ್ ಸೆನ್ಸರ್ 38 ಎನ್ನುತ್ತಿದ್ದರೆ ಸೆನ್ಸರನ್ನೋ ಅದರ ವೈರನ್ನೋ ಅನುಮಾನಿಸಲು ಇಷ್ಟೇ ಸಾಕು. ಮೈನಸ್ 40 ತೋರಿಸಿದರೆ ಯಾವುದೋ ವೈರ್ ಕಳಚಿದೆ ಎಂದರ್ಥ. ಒಬಿಡಿ ಭಾಷೆಯಲ್ಲಿ ಬರೆಯಬಹುದಾದ ಅತಿ ಕಡಿಮೆ ಅಂಕಿ ಅದು.

ಈಗಲೇ, ತಣ್ಣಗಿರುವಾಗಲೇ, ಕೂಲಂಟ್ ಮಟ್ಟ ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲಂಟ್ ಇದ್ದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಎಂದಲ್ಲ. ರೇಡಿಯೇಟರಿಗೇ ಮುಚ್ಚಳವಿದ್ದರೆ ಅದನ್ನೂ ತೆರೆದು ನೋಡಿ. ಮಟ್ಟ ಇಳಿದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಸೆನ್ಸರ್ ದ್ರವದಲ್ಲಿ ಮುಳುಗಿರದೆ ಗಾಳಿಯಲ್ಲಿ ತೂಗಾಡುತ್ತಿದ್ದರೆ ಎಂಜಿನ್ ಸುಟ್ಟುಹೋಗುತ್ತಿರುವಾಗಲೂ ಕಡಿಮೆ ಡಿಗ್ರಿಯನ್ನೇ ಹೇಳುತ್ತದೆ. ಘಾಟಿ ಹತ್ತುವಾಗ ಮೇಲಿದ್ದ ಮುಳ್ಳು ಕಾರಣವಿಲ್ಲದೆ ಸರ್ರನೆ ‘ಸಿ’ಗೆ ಇಳಿದರೆ ಸಮಾಧಾನಪಡಬೇಡಿ, ಗಾಡಿ ನಿಲ್ಲಿಸಿ. ಕೂಲಂಟ್ ಪೂರ್ತಿ ಸೋರಿಹೋಗಿರುವ ಸಾಧ್ಯತೆ ಹೆಚ್ಚು.

ಹಂತ 2: ಗೆರೆಗೆ ಡಿಗ್ರಿ ಬರೆಯುವುದು

ಎಂಜಿನ್ ಚಾಲೂ ಮಾಡಿ. ಎಸಿ ಬೇಡ; ಎಸಿ ಹಾಕಿದೊಡನೆ ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಾನೂ ತಿರುಗಿ ಲೆಕ್ಕ ಕೆಡಿಸುತ್ತದೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು 15 ನಿಮಿಷ ಊರೊಳಗೆ ಓಡಿಸಿ. ನಿಂತಲ್ಲೇ ಕಾಯಿಸುತ್ತೇನೆ ಎಂದರೆ ಪೆಟ್ರೋಲ್ ಕಾರಿಗೇ ಬಹಳ ಹೊತ್ತು ಹಿಡಿಯುತ್ತದೆ, ಡೀಸೆಲ್ ಎಂಜಿನ್ ಅಂತೂ ನಿಂತಲ್ಲಿ ಬಿಸಿಯಾಗಲು ಸತಾಯಿಸುತ್ತದೆ. ಪಕ್ಕದವರ ಕೆಲಸ ಮೊಬೈಲಿನಲ್ಲಿ ಡಿಗ್ರಿ ನೋಡುತ್ತಾ ಪ್ರತಿ ಹತ್ತು ಡಿಗ್ರಿಗೆ ಮುಳ್ಳು ಎಲ್ಲಿದೆ ಎಂದು ಬರೆದುಕೊಳ್ಳುವುದು. ಓಡಿಸುವವರು ಮೊಬೈಲ್ ನೋಡಬಾರದು, ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಪಟ್ಟಿ ಹೆಚ್ಚುಕಡಿಮೆ ಹೀಗೆ ಬಂದೀತು: 50ಕ್ಕೆ ಮುಳ್ಳು ಆಗಷ್ಟೇ ಎದ್ದಿದೆ, 70ಕ್ಕೆ ಕಾಲುಭಾಗ ದಾಟಿದೆ, 80ಕ್ಕೆ ನಡುವಿಗೆ ಬಂದು ನಿಂತಿದೆ, 90ಕ್ಕೂ ಅಲ್ಲೇ, 98ಕ್ಕೂ ಅಲ್ಲೇ. ನಡುವಿನ ಆ ಒಂದು ಜಾಗಕ್ಕೆ ಎಷ್ಟೆಷ್ಟು ಡಿಗ್ರಿ ಅಂಟಿಕೊಂಡಿದೆ ಎಂಬುದೇ ಈ ಪಟ್ಟಿಯ ಮುಖ್ಯ ಸಂಗತಿ. ಹಳೆಯ ಕಾರುಗಳಲ್ಲಿ ಮುಳ್ಳು ಹೀಗೆ ಮಂದವಾಗಿರದೆ ಡಿಗ್ರಿಯ ಜೊತೆ ಜೊತೆಗೇ ಚಲಿಸುತ್ತದೆ. ಅಂಥ ಕಾರಿನಲ್ಲಿ ಮುಳ್ಳು ಆಗಾಗ ಅತ್ತಿತ್ತ ಆಡುವುದು ರೋಗವಲ್ಲ.

ಎರಡು ಘಟನೆಗಳನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳಿ. ಮೊದಲನೆಯದು ಥರ್ಮೋಸ್ಟಾಟ್ ತೆರೆಯುವ ಹೊತ್ತು. ಥರ್ಮೋಸ್ಟಾಟ್ ಎಂದರೆ ಎಂಜಿನ್ ಬೆಚ್ಚಗಾಗುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಮೇಣದ ಕವಾಟ. ಮೆಕ್ಯಾನಿಕ್‌ಗಳು ಬರೀ ‘ವಾಲ್ವ್’ ಎನ್ನುತ್ತಾರೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ನಡುವೆ ಅದು ತೆರೆಯಲು ಶುರುವಾಗುತ್ತದೆ. ಆಗ ಏರುತ್ತಿದ್ದ ಅಂಕಿ ಒಂದು ಕ್ಷಣ ನಿಂತು ಎರಡು ಮೂರು ಡಿಗ್ರಿ ಇಳಿದು ಮತ್ತೆ ಏರುತ್ತದೆ. ಎರಡನೆಯದು ಫ್ಯಾನ್. ಮನೆಗೆ ಬಂದು ಗಾಡಿ ನಿಲ್ಲಿಸಿ ಎಂಜಿನ್ ಓಡಲು ಬಿಟ್ಟರೆ ಅಂಕಿ ನಿಧಾನವಾಗಿ ಏರಿ, ಬಹುಪಾಲು ಕಾರುಗಳಲ್ಲಿ 95ರಿಂದ 102ರೊಳಗೆ ಎಲ್ಲೋ ಒಂದು ಕಡೆ ಫ್ಯಾನ್ ಶುರುವಾಗುತ್ತದೆ, ಐದಾರು ಡಿಗ್ರಿ ಇಳಿಸಿ ನಿಲ್ಲುತ್ತದೆ. ನಿಮ್ಮ ಕಾರಿನ ಆ ಎರಡು ಅಂಕಿಗಳನ್ನು ದಪ್ಪಕ್ಷರದಲ್ಲಿ ಬರೆದಿಡಿ. 105 ದಾಟಿದರೂ ಫ್ಯಾನ್ ತಿರುಗದಿದ್ದರೆ ಪರೀಕ್ಷೆ ನಿಲ್ಲಿಸಿ ಎಂಜಿನ್ ಆರಿಸಿ.

ಸಾಮಾನ್ಯ ತಪ್ಪು: ಆ್ಯಪ್ ಫ್ಯಾರನ್‌ಹೀಟ್‌ನಲ್ಲಿರುವುದು. 194 ಎಂದು ನೋಡಿ ಬೆವರಿದವರೊಬ್ಬರು ನನಗೆ ಫೋನ್ ಮಾಡಿದ್ದರು. ಅದು 90 ಡಿಗ್ರಿ ಸೆಲ್ಸಿಯಸ್, ಆರೋಗ್ಯವಂತ ಎಂಜಿನ್.

ಹಂತ 3: ಹೊರಗಿನ ಸಾಕ್ಷಿ

ಇಲ್ಲಿಯವರೆಗೆ ಮೊಬೈಲಿನ ಅಂಕಿಯನ್ನು ಸತ್ಯವೆಂದು ಹಿಡಿದು ಮುಳ್ಳನ್ನು ಅಳೆದೆವು. ಆದರೆ ಮುಳ್ಳಿಗೂ ಮೊಬೈಲಿಗೂ ಸುದ್ದಿ ಕೊಡುವುದು ಬಹುತೇಕ ಕಾರುಗಳಲ್ಲಿ ಒಂದೇ ಸೆನ್ಸರ್. ಅದೇ ಸುಳ್ಳು ಹೇಳಿದರೆ ಇಬ್ಬರೂ ಒಂದೇ ಸುಳ್ಳನ್ನು ಒಪ್ಪವಾಗಿ ಒಪ್ಪಿಸುತ್ತಾರೆ. ‘ಒಬಿಡಿಯಲ್ಲಿ ನೋಡಿದೆ, ಸರಿಯಾಗಿದೆ’ ಎಂದು ಕೈಬಿಡುವವರು ಎಡವುವುದು ಇಲ್ಲೇ. ಸೆನ್ಸರಿಗೆ ಸಂಬಂಧವಿಲ್ಲದ ಇನ್ನೊಬ್ಬ ಸಾಕ್ಷಿ ಬೇಕು. ಟೆಂಪರೇಚರ್ ಗನ್ ಬೇಕಾಗುವುದು ಅದಕ್ಕೆ.

ಥರ್ಮೋಸ್ಟಾಟ್ ಕೂತಿರುವ ಲೋಹದ ಗೂಡನ್ನು ಹುಡುಕಿ. ರೇಡಿಯೇಟರಿಗೆ ಹೋಗುವ ದಪ್ಪ ರಬ್ಬರ್ ಪೈಪುಗಳಲ್ಲಿ ಒಂದು ಎಂಜಿನ್ನಿಗೆ ಸೇರುವ ಜಾಗದಲ್ಲಿ ಅದು ಇರುತ್ತದೆ, ಸೆನ್ಸರ್ ಕೂಡ ಸಾಮಾನ್ಯವಾಗಿ ಆ ಆಸುಪಾಸಿನಲ್ಲೇ ಇರುತ್ತದೆ. ಥರ್ಮೋಸ್ಟಾಟ್ ಕೆಳಗಿನ ಪೈಪಿನ ಕಡೆಗಿದ್ದರೆ ಆ ಗೂಡನ್ನು ಬಿಟ್ಟು, ಮೇಲಿನ ಪೈಪು ಎಂಜಿನ್ನಿನಿಂದ ಹೊರಡುವ ಲೋಹದ ಮೂತಿಯನ್ನು ಆರಿಸಿಕೊಳ್ಳಿ. ರೇಡಿಯೇಟರಿನಿಂದ ತಣಿದು ಬರುವ ಕೂಲಂಟ್‌ನ ಅಂಕಿ ನಮಗೆ ಬೇಡ. ತಣ್ಣಗಿರುವಾಗಲೇ ಆ ಲೋಹವನ್ನು ಒರೆಸಿ, ಒಂದು ರೂಪಾಯಿ ನಾಣ್ಯದಗಲ ಕಪ್ಪು ಟೇಪ್ ಅಂಟಿಸಿ.

ಟೇಪ್ ಏಕೆ? ಗನ್ ಅಳೆಯುವುದು ವಸ್ತುವಿನಿಂದ ಹೊಮ್ಮುವ ಶಾಖದ ಕಿರಣವನ್ನು. ಹೊಳೆಯುವ ಅಲ್ಯೂಮಿನಿಯಂ ತನ್ನ ಕಿರಣವನ್ನು ಹೊರಬಿಡುವುದಕ್ಕಿಂತ ಸುತ್ತಲಿನದನ್ನು ಕನ್ನಡಿಯಂತೆ ಪ್ರತಿಫಲಿಸುವುದೇ ಹೆಚ್ಚು. 90 ಡಿಗ್ರಿಯ ಹೊಳಪು ಲೋಹಕ್ಕೆ ಗನ್ ಹಿಡಿದರೆ 45 ಎಂದರೂ ಎಂದೀತು. ಕಪ್ಪು ಟೇಪು ಹಾಗೆ ಮೋಸ ಮಾಡುವುದಿಲ್ಲ. ಗನ್ನಿನಲ್ಲಿ ಎಮಿಸಿವಿಟಿ ಎಂಬ ಅಂಕಿ ಇದ್ದರೆ 0.95ಕ್ಕೆ ಇಡಿ. ಹೊರಸೂಸುವ ಗುಣಕ್ಕೆ ಕೊಟ್ಟಿರುವ ಹೆಸರು ಅದು.

ಇನ್ನೊಂದು ಭ್ರಮೆ: ಕೆಂಪು ಲೇಸರ್ ಚುಕ್ಕೆ ಬಿದ್ದ ಜಾಗವನ್ನು ಮಾತ್ರ ಗನ್ ಅಳೆಯುತ್ತದೆ ಎಂಬುದು. ಲೇಸರ್ ಬರೀ ದಾರಿ ತೋರುವ ಬೆರಳು. ಅಳೆಯುವ ವೃತ್ತ ದೂರ ಹೋದಂತೆ ದೊಡ್ಡದಾಗುತ್ತದೆ. ಗನ್ ಮೇಲೆ 12:1 ಎಂದು ಬರೆದಿದ್ದರೆ 12 ಸೆಂಟಿಮೀಟರ್ ದೂರದಲ್ಲಿ 1 ಸೆಂಟಿಮೀಟರ್ ಅಗಲದ ವೃತ್ತ. ಅರ್ಧ ಮೀಟರ್ ದೂರದಿಂದ ಹಿಡಿದರೆ ಪಕ್ಕದ ಸೈಲೆನ್ಸರ್ ಪೈಪಿನ ಬಿಸಿಯೂ ಲೆಕ್ಕಕ್ಕೆ ಸೇರುತ್ತದೆ. ಹತ್ತಿರದಿಂದ ಹಿಡಿಯಿರಿ, ಆದರೆ ಫ್ಯಾನು, ಬೆಲ್ಟುಗಳಿಂದ ಕೈ ದೂರವಿರಲಿ. ಲೇಸರನ್ನು ಯಾರ ಕಣ್ಣಿಗೂ ಬಿಡಬೇಡಿ.

ಎಂಜಿನ್ ಪೂರ್ತಿ ಬಿಸಿಯಾಗಿ, ಫ್ಯಾನ್ ಒಂದೆರಡು ಸಲ ತಿರುಗಿ ನಿಂತ ಮೇಲೆ ಅಳೆಯಿರಿ. ಗೂಡಿನ ಹೊರಮೈ ಒಳಗಿನ ಕೂಲಂಟ್‌ಗಿಂತ ಸ್ವಲ್ಪ ತಣ್ಣಗೇ ಇರುತ್ತದೆ, ಆದ್ದರಿಂದ ಗನ್ ಮೂರರಿಂದ ಎಂಟು ಡಿಗ್ರಿ ಕಡಿಮೆ ತೋರಿಸಿದರೆ ಸೆನ್ಸರ್ ನಿಜ ಹೇಳುತ್ತಿದೆ ಎಂದುಕೊಳ್ಳಿ. ಮೊಬೈಲಿನಲ್ಲಿ 72, ಗನ್ನಿನಲ್ಲಿ 94 ಬಂದರೆ ಒಂದೋ ಸೆನ್ಸರ್ ಕೆಟ್ಟಿದೆ ಅಥವಾ ಅದರ ಸುತ್ತ ಗಾಳಿಗುಳ್ಳೆ ಸಿಕ್ಕಿಕೊಂಡಿದೆ. ಕೂಲಂಟ್ ಬದಲಾಯಿಸಿದ ಮರುವಾರವೇ ಹೀಗಾಗಿದ್ದರೆ ಗಾಳಿಯೇ ಇರಬೇಕು, ಹೊಸ ಸೆನ್ಸರಿಗೆ ದುಡ್ಡು ಕೊಡಬೇಡಿ.

ಹಂತ 4: ಸೆನ್ಸರನ್ನು ಕುದಿಯುವ ನೀರಿಗೆ ಹಾಕುವುದು

ಮೇಲಿನ ಮೂರು ಹಂತಗಳಲ್ಲಿ ಅನುಮಾನ ಬಂದವರಿಗೆ ಮಾತ್ರ ಇದು. ಎಲ್ಲ ಸರಿಯಿದ್ದರೆ ಸೆನ್ಸರ್ ಕಳಚುವುದು ಬೇಡ. ಇದ್ದ ವಾಷರ್ ಕೆಟ್ಟು ಇಲ್ಲದ ಸೋರಿಕೆ ಶುರುವಾದೀತು.

ಎಂಜಿನ್ ತಣ್ಣಗಿರಬೇಕು. ಕೀಲಿ ತೆಗೆದಿರಬೇಕು. ಕನೆಕ್ಟರ್‌ನ ಪ್ಲಾಸ್ಟಿಕ್ ಕೊಂಡಿ ವರ್ಷಗಟ್ಟಲೆ ಬಿಸಿಗೆ ಒಣಗಿ ಹಪ್ಪಳದಂತಾಗಿರುತ್ತದೆ, ಒತ್ತಿ ಎಳೆಯುವಾಗ ಅವಸರ ಬೇಡ. ಕೆಳಗೆ ತಟ್ಟೆ ಇಟ್ಟು ಸೆನ್ಸರ್ ಬಿಚ್ಚಿ. ಸ್ವಲ್ಪ ಕೂಲಂಟ್ ಚೆಲ್ಲುವುದು ಖಂಡಿತ. ಸೆನ್ಸರಿನ ತುದಿ ನೀರಿನಲ್ಲಿ, ಪಿನ್ನುಗಳು ಮೇಲೆ ಒಣಗಿರುವಂತೆ ತಂತಿಯಲ್ಲಿ ಕಟ್ಟಿ ಪಾತ್ರೆಗೆ ಇಳಿಬಿಡಿ. ಪಕ್ಕದಲ್ಲೇ ಥರ್ಮಾಮೀಟರ್. ಎರಡೂ ಪಾತ್ರೆಯ ತಳಕ್ಕೆ ತಾಗಬಾರದು, ತಳ ಯಾವಾಗಲೂ ನೀರಿಗಿಂತ ಬಿಸಿ. ಮಲ್ಟಿಮೀಟರನ್ನು ಓಮ್ ಅಳತೆಗೆ ತಿರುಗಿಸಿ ಎರಡು ಪಿನ್ನುಗಳಿಗೆ ಹಿಡಿಯಿರಿ. ಓಮ್ ಎಂದರೆ ವಿದ್ಯುತ್ ತಡೆಯ ಮಾನ.

ಎರಡು ಪಿನ್ನಿನ ಸೆನ್ಸರ್‌ಗಳಲ್ಲಿ ಬಹಳ ಕಡೆ ಕಾಣುವ ಅಂಕಿಗಳು ಇವು: 20 ಡಿಗ್ರಿಗೆ ಸುಮಾರು 2,500 ಓಮ್, 40ಕ್ಕೆ 1,150ರ ಸುತ್ತ, 60ಕ್ಕೆ 600, 80ಕ್ಕೆ 320, ನೂರರ ಹತ್ತಿರ 185. ಮಂಜುಗಡ್ಡೆ ಕರಗುತ್ತಿರುವ ನೀರಿನಲ್ಲಿ 5,800 ದಾಟುತ್ತದೆ. ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ. ಅಂಕಿಗಿಂತಲೂ ಮುಖ್ಯವಾದುದು ಅದು ಇಳಿಯುವ ರೀತಿ. ನೀರು ಕಾದಂತೆ ತಡೆ ನಯವಾಗಿ, ಎಲ್ಲೂ ಜಿಗಿಯದೆ ಇಳಿಯಬೇಕು. 600ರಲ್ಲಿದ್ದದ್ದು ಇದ್ದಕ್ಕಿದ್ದಂತೆ 2,000ಕ್ಕೆ ಹಾರಿ ಮತ್ತೆ ಇಳಿದರೆ ಒಳಗೆ ಬಿರುಕಿದೆ. ಓಡುವಾಗ ಮುಳ್ಳು ಕುಣಿಯುವ ಕಾರುಗಳಲ್ಲಿ ಇದನ್ನು ಹಲವು ಸಲ ಕಂಡಿದ್ದೇನೆ.

ನೀರು ಕುದಿಯುವಾಗ ಥರ್ಮಾಮೀಟರ್ 100 ತೋರಿಸಲಿಲ್ಲವೆಂದು ಅದನ್ನು ಬಿಸಾಡಬೇಡಿ. ನೀರು 100 ಡಿಗ್ರಿಗೆ ಕುದಿಯುವುದು ಮಂಗಳೂರು, ಕಾರವಾರದಂಥ ಸಮುದ್ರಮಟ್ಟದ ಊರುಗಳಲ್ಲಿ. ಸುಮಾರು 300 ಮೀಟರ್ ಮೇಲೇರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದು 97ರ ಹತ್ತಿರ, ಮೈಸೂರಿನಲ್ಲಿ ಹೆಚ್ಚುಕಡಿಮೆ 97.5, ಮಡಿಕೇರಿಯಲ್ಲಿ 96. ನಿಮ್ಮ ಊರಿನ ಎತ್ತರ ಗೊತ್ತಿದ್ದರೆ ಇದನ್ನೇ ಉಲ್ಟಾ ಬಳಸಿ ಥರ್ಮಾಮೀಟರನ್ನೇ ಪರೀಕ್ಷಿಸಬಹುದು. ಬೆಂಗಳೂರಿನ ಅಡುಗೆಮನೆಯಲ್ಲಿ ತೆರೆದ ಪಾತ್ರೆಯ ನೀರು 101 ತೋರಿಸಿದರೆ ಆ ಥರ್ಮಾಮೀಟರ್ ನಾಲ್ಕು ಡಿಗ್ರಿ ಹೆಚ್ಚು ಹೇಳುತ್ತಿದೆ.

ಮರಳಿ ಜೋಡಿಸುವಾಗ ಹೊಸ ವಾಷರ್ ಇಲ್ಲವೇ ಓ-ರಿಂಗ್ ಹಾಕಿ. ಅಲ್ಯೂಮಿನಿಯಂನ ತಿರುಪಿನ ಎಳೆಗಳು ಮೃದು, ಸ್ಪ್ಯಾನರಿನ ಮೇಲೆ ನಿಮ್ಮ ಭುಜಬಲ ತೋರಿಸಬೇಡಿ. ಚೆಲ್ಲಿದಷ್ಟು ಕೂಲಂಟ್ ತುಂಬಿ, ಕಾರಿನ ಕೈಪಿಡಿ ಹೇಳಿದಂತೆ ಗಾಳಿ ಹೊರಹಾಕಿ. ಈ ಕೊನೆಯ ಕೆಲಸವನ್ನು ಮರೆತರೆ ಪರೀಕ್ಷೆಯೇ ಹೊಸ ಕಾಯಿಲೆ ತಂದಂತಾಗುತ್ತದೆ.

ಹಂತ 5: ಹಳೆಯ ಕಾರು, ಒಂದೇ ವೈರು

ಒಬಿಡಿ ಇಲ್ಲದ ಹಳೆಯ ಕಾರುಗಳಲ್ಲಿ ಮುಳ್ಳಿಗೆಂದೇ ಒಂಟಿ ವೈರಿನ ಸೆನ್ಸರ್ ಇರುತ್ತದೆ, ಅದನ್ನು ಸೆಂಡರ್ ಎನ್ನುತ್ತಾರೆ. ಅದರ ಇನ್ನೊಂದು ತುದಿ ಎಂಜಿನ್ನಿನ ಲೋಹದ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಇದನ್ನು ಅರ್ಥ್ ಎನ್ನುತ್ತಾರೆ. ಮೇಲಿನ ಓಮ್ ಅಂಕಿಗಳು ಇದಕ್ಕೆ ಹೊಂದುವುದಿಲ್ಲ.

ಕೀಲಿ ಆನ್ ಮಾಡಿ, ಎಂಜಿನ್ ಬೇಡ. ಸೆಂಡರ್‌ನ ವೈರನ್ನು ಕಳಚಿ: ಮುಳ್ಳು ‘ಸಿ’ಯಲ್ಲಿರಬೇಕು. ಆ ವೈರಿನ ತುದಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒಂದೆರಡು ಸೆಕೆಂಡು ಮಾತ್ರ ತಾಗಿಸಿ: ಮುಳ್ಳು ‘ಎಚ್’ ಕಡೆಗೆ ಏಳಬೇಕು. ಎದ್ದರೆ ಮೀಟರೂ ವೈರೂ ಸರಿಯಿವೆ, ತಪ್ಪು ಅರ್ಥ್‌ನದು ಇಲ್ಲವೇ ಸೆಂಡರ್‌ನದು. ಏಳದಿದ್ದರೆ ಸೆಂಡರ್ ಬದಲಾಯಿಸಿ ಪ್ರಯೋಜನವಿಲ್ಲ. ಹೆಚ್ಚು ಹೊತ್ತು ತಾಗಿಸಿದರೆ ಮೀಟರ್ ಸುಡಬಹುದು. ಎರಡು ಪಿನ್ನಿನ ಕಂಪ್ಯೂಟರ್ ಸೆನ್ಸರಿಗೆ ಈ ಆಟ ಬೇಡವೇ ಬೇಡ. ಅದರ ವೈರನ್ನು ಎಲ್ಲಿಗಾದರೂ ತಾಗಿಸಿದರೆ ದುಬಾರಿ ಕಂಪ್ಯೂಟರಿಗೆ ಪೆಟ್ಟು ಬೀಳಬಹುದು.

ಅರ್ಥ್ ಸರಿಯಿಲ್ಲದಿದ್ದರೆ ಸೆಂಡರ್ ಸರಿಯಿದ್ದರೂ ಮುಳ್ಳು ಸುಳ್ಳು ಹೇಳುತ್ತದೆ. ನನ್ನದೇ ಹಳೆಯ ಕಾರಿಗೆ ಗ್ಯಾರೇಜೊಂದರಲ್ಲಿ ಎರಡು ಸೆಂಡರ್ ಬದಲಾಯಿಸಿದ ಮೇಲೆ ಗೊತ್ತಾಯಿತು, ಸೋರದಿರಲೆಂದು ಎಳೆಗಳಿಗೆ ದಪ್ಪವಾಗಿ ಸುತ್ತಿದ್ದ ಬಿಳಿ ಟೆಫ್ಲಾನ್ ಟೇಪೇ ಅರ್ಥ್ ಕತ್ತರಿಸಿತ್ತು. ಸುಲಭದ ಪರೀಕ್ಷೆ: ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್, ಬ್ಲೋವರ್ ಎಲ್ಲ ಒಮ್ಮೆಲೇ ಹಾಕಿ. ಮುಳ್ಳು ಕದಲಿದರೆ ಎಂಜಿನ್ನಿನಿಂದ ಕಾರಿನ ಬಾಡಿಯ ಕಡೆಗೆ ಹೋಗುವ ಅರ್ಥ್ ಪಟ್ಟಿಯನ್ನು ತಿಕ್ಕಿ ಬಿಗಿಗೊಳಿಸಿ. ಪೆಟ್ರೋಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಒಟ್ಟೊಟ್ಟಿಗೆ ಹೆಚ್ಚು ತೋರಿಸುತ್ತಿದ್ದರೆ ಮೀಟರುಗಳಿಗೆ ಸಮನಾದ ವೋಲ್ಟೇಜ್ ಕೊಡುವ ಸ್ಟೆಬಿಲೈಜರ್ ಕೆಟ್ಟಿರುವ ಸಂಭವ ಹೆಚ್ಚು.

ಬಂದ ಅಂಕಿಗಳನ್ನು ಏನು ಮಾಡುವುದು?

ಮುಳ್ಳು, ಮೊಬೈಲು, ಗನ್ನು ಮೂರೂ ಕಡಿಮೆ ತೋರಿಸಿದರೆ, ಅಂದರೆ ಹೆದ್ದಾರಿಯಲ್ಲಿ ಓಡುವಾಗ 70ರ ಕೆಳಗೇ ಇದ್ದರೆ, ಮುಳ್ಳು ನಿಜವನ್ನೇ ಹೇಳುತ್ತಿದೆ. ಥರ್ಮೋಸ್ಟಾಟ್ ತೆರೆದೇ ಉಳಿದಿದೆ, ಇಲ್ಲವೇ ಹಿಂದೆ ಯಾರೋ ಅದನ್ನು ಕಿತ್ತುಹಾಕಿದ್ದಾರೆ. ‘ನಮ್ಮ ಬಿಸಿಲಿಗೆ ವಾಲ್ವ್ ಯಾಕೆ ಸಾರ್’ ಎಂದು ಕೀಳುವ ಪದ್ಧತಿ ಇನ್ನೂ ಹೋಗಿಲ್ಲ. ಎಂಜಿನ್ ಎಂದೂ ಸರಿಯಾಗಿ ಬಿಸಿಯಾಗದೆ ಹೆಚ್ಚು ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ. ಹಾಗಾಗಿ ಎರಡನೆಯ ಪ್ರಶ್ನೆ ಕೇಳಿದ ಓದುಗರು ಖುಷಿಪಡುವಂತಿಲ್ಲ. ಒಬಿಡಿಯಲ್ಲಿ ಪಿ0128 ಎಂಬ ಕೋಡ್ ಬಂದಿದ್ದರೆ ಬೊಟ್ಟು ಮಾಡುವುದು ಇದರ ಕಡೆಗೇ. ಪಿ0117, ಪಿ0118 ಇದ್ದರೆ ಸೆನ್ಸರ್ ಅಥವಾ ಅದರ ವೈರಿಂಗ್ ನೋಡಿ.

ಮೊದಲನೆಯ ಪ್ರಶ್ನೆಗೆ, ಅಂದರೆ ಘಾಟಿಗೆ, ಉತ್ತರ ರೇಡಿಯೇಟರಿನಲ್ಲಿ ಏನಿದೆ ಎಂಬುದನ್ನು ಅವಲಂಬಿಸಿದೆ. ಅರ್ಧ ಕೂಲಂಟ್, ಅರ್ಧ ನೀರಿನ ಮಿಶ್ರಣ ಒತ್ತಡವಿಲ್ಲದೆಯೇ 106 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ, ಮುಚ್ಚಳ ಒತ್ತಡವನ್ನು ಸರಿಯಾಗಿ ಹಿಡಿದರೆ 120 ದಾಟಿದರೂ ತಡೆಯುತ್ತದೆ. ಅಂಥ ಕಾರಿನಲ್ಲಿ ಏರಿನಲ್ಲಿ 102 ಬಂದರೆ ಎಸಿ ಆರಿಸಿ, ಗೇರು ಇಳಿಸಿ ನಿರಾಳವಾಗಿ ಹತ್ತಬಹುದು. ಬರೀ ನಲ್ಲಿ ನೀರು ತುಂಬಿ, ರಬ್ಬರ್ ಸತ್ತ ಮುಚ್ಚಳ ಹಾಕಿದ ಕಾರಿನಲ್ಲಿ ಅದೇ 102 ಎಂದರೆ ಒಳಗೆ ಆಗಲೇ ಕುದಿ ಬಂದಿದೆ. ಎರಡೂ ಕಾರುಗಳ ಮುಳ್ಳು ಒಂದೇ ಜಾಗದಲ್ಲಿರುತ್ತದೆ. 110 ದಾಟಿ ಏರುತ್ತಲೇ ಇದ್ದರೆ ಎರಡರಲ್ಲೂ ನಿಲ್ಲಿಸಲೇಬೇಕು.

ಮುಳ್ಳೇ ಇಲ್ಲದ ಕಾರುಗಳಿದ್ದರೆ

ಈಚಿನ ಅನೇಕ ಸಣ್ಣ ಕಾರುಗಳಲ್ಲಿ ಮುಳ್ಳಿನ ಬದಲು ದೀಪವಷ್ಟೇ ಇರುತ್ತದೆ: ತಣ್ಣಗಿದ್ದರೆ ನೀಲಿ, ಕಾದುಹೋದರೆ ಕೆಂಪು. ಕೆಲವಲ್ಲಿ ಕೆಂಪು ಮಾತ್ರ. ಕೀಲಿ ಆನ್ ಮಾಡಿದಾಗ ಉಳಿದ ದೀಪಗಳ ಜೊತೆ ಕೆಂಪು ದೀಪವೂ ಕೆಲವು ಸೆಕೆಂಡು ಹೊತ್ತಿ ಆರುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಹಾಗೆ ಬರೆದಿದ್ದು ದೀಪ ಹೊತ್ತದಿದ್ದರೆ ಅದು ಎಚ್ಚರಿಸುವ ದಿನವೂ ಹೊತ್ತುವುದಿಲ್ಲ. ನೀಲಿ ದೀಪ ಎಷ್ಟು ಡಿಗ್ರಿಗೆ ಆರುತ್ತದೆ ಎಂದು ಎರಡನೇ ಹಂತದಲ್ಲಿ ಬರೆದುಕೊಳ್ಳಿ. ಕೆಂಪು ಎಷ್ಟಕ್ಕೆ ಹೊತ್ತುತ್ತದೆ ಎಂದು ತಿಳಿಯಲು ಎಂಜಿನ್ನನ್ನು ಬೇಕೆಂದೇ ಕಾಯಿಸುವ ಸಾಹಸ ಬೇಡ. ಇಂಥ ಕಾರಿನಲ್ಲಿ ಘಾಟಿ ಹತ್ತುವಾಗ ಒಬಿಡಿ ಅಡಾಪ್ಟರನ್ನು ಚುಚ್ಚಿಟ್ಟುಕೊಂಡು, ಆ್ಯಪ್‌ನಲ್ಲಿ 105ಕ್ಕೆ ಅಲಾರಂ ಇಡಿ. ಮನೆಗೆ ಬಂದ ಮೇಲೆ ಅಡಾಪ್ಟರ್ ತೆಗೆದಿಡಿ. ದಿನಗಟ್ಟಲೆ ಸಾಕೆಟ್ಟಿನಲ್ಲೇ ಬಿಟ್ಟರೆ ನಿಂತ ಕಾರಿನ ಬ್ಯಾಟರಿಯನ್ನು ಅದು ಸ್ವಲ್ಪಸ್ವಲ್ಪವೇ ಹೀರುತ್ತದೆ.